ಡೈವೋರ್ಸ್ ಹಂತದಲ್ಲಿ ಜಂಟಿ ಹೆಸರಿನ ಮನೆ, ಸಾಲ, ಅಡವಿಟ್ಟ ಚಿನ್ನ: ಯಾವ ಕಾಗದ ಮೊದಲು?

ಪ್ರಶ್ನೆ: ಹೊಳೆಬದಿ

ಕಾಸರಗೋಡಿನ ಬದಿಯಡ್ಕ ಕಡೆಯ ಸಂಬಂಧಿಕರೊಬ್ಬರ ಪರವಾಗಿ ಕೇಳುತ್ತಿದ್ದೇನೆ. ಗಂಡ ಹೆಂಡತಿ ಒಂದೂವರೆ ವರ್ಷದಿಂದ ಬೇರೆ ಇದ್ದಾರೆ, ಇಬ್ಬರೂ ಒಪ್ಪಿ ವಿಚ್ಛೇದನಕ್ಕೆ ಹೋಗುವವರು. ತಕರಾರು ಇರುವುದು ಆಸ್ತಿಯ ಲೆಕ್ಕದಲ್ಲಿ ಮಾತ್ರ.

22 ಸೆಂಟ್ಸ್ ಜಾಗೆ 2014ರಲ್ಲಿ ಇಬ್ಬರ ಹೆಸರಿಗೂ ಆಧಾರ (ನೋಂದಣಿಯಾದ ಆಸ್ತಿಪತ್ರ) ಆದದ್ದು, ಯಾರ ಪಾಲು ಎಷ್ಟು ಎಂದು ಬರೆದಿಲ್ಲ. ಅದರಲ್ಲಿ 1,450 ಚದರಡಿಯ ಮನೆ. ಎರಡೂ ಸೇರಿ ಈಗಿನ ಬೆಲೆ ಸುಮಾರು 48 ಲಕ್ಷ. ಸಹಕಾರಿ ಬ್ಯಾಂಕಿನಲ್ಲಿ ಗಹಾನ್ ಮಾಡಿ (ಜಾಗೆ ಅಡವಿಟ್ಟು) ತೆಗೆದ ಸಾಲ 11 ಲಕ್ಷ ಬಾಕಿ ಉಂಟು, ಕಂತು ಹೋಗುವುದು ಗಂಡನ ಖಾತೆಯಿಂದ. ಅವರಿರುವುದು ದುಬೈಯಲ್ಲಿ. ಮದುವೆಗೆ ಹಾಕಿದ 40 ಪವನಿನಲ್ಲಿ 15 ಪವನು ಗಂಡನ ಹೆಸರಿನಲ್ಲಿ ಅಡವಿನಲ್ಲಿದೆ, ಉಳಿದದ್ದು ಹೆಂಡತಿಯ ಕೈಯಲ್ಲೇ ಇದೆ. ಮಾವನ ಹೆಸರಿನ ಅಡಿಕೆ ತೋಟಕ್ಕೆ ಕೊಳವೆಬಾವಿ, ಪಂಪು, ಸ್ಪ್ರಿಂಕ್ಲರ್ ಹಾಕಲು ಹೆಂಡತಿಯ ಖಾತೆಯಿಂದ 2.8 ಲಕ್ಷ ಹೋಗಿದೆ. ಮಗು ತಾಯಿಯ ಜೊತೆಗಿದೆ, ಮನೆ ಹೆಂಡತಿಗೇ ಇರಲಿ ಎಂಬಲ್ಲಿ ಇಬ್ಬರಿಗೂ ಒಪ್ಪಿಗೆ.

ಡೈವೋರ್ಸ್ ಆದರೆ ಗಂಡನ ಆಸ್ತಿಯಲ್ಲಿ ಅರ್ಧ ತಾನಾಗಿ ಬರುತ್ತದೆ ಎಂದು ಒಬ್ಬರು, ಏನೂ ಬರುವುದಿಲ್ಲ ಎಂದು ಇನ್ನೊಬ್ಬರು ಹೇಳುತ್ತಾರೆ. ತೀರ್ಪು ಕೈಗೆ ಬಂದ ಮೇಲೆ ನಿಧಾನವಾಗಿ ಆಧಾರ ಮಾಡಿಸಿದರೆ ಆಗುತ್ತದೋ?

ಉತ್ತರ: ಆಧಾರ ಬರಹ

ಕೊನೆಯ ಪ್ರಶ್ನೆಯಿಂದಲೇ ಸುರು ಮಾಡುತ್ತೇನೆ, ದುಡ್ಡು ಹೋಗುವುದು ಅಲ್ಲೇ. ತೀರ್ಪಿನ ನಂತರಕ್ಕೆ ಇಡಬೇಡಿ.

ಕೇರಳದ ಸ್ಟಾಂಪ್ ಕಾನೂನಿನಲ್ಲಿ ಗಂಡ ಹೆಂಡತಿ ಒಂದೇ ಕುಟುಂಬದವರು. ಕುಟುಂಬದೊಳಗಿನ ಒಳಿಮುರಿ ಆಧಾರಕ್ಕೆ (ಜಂಟಿ ಹಕ್ಕಿನಲ್ಲಿ ಒಬ್ಬರು ತಮ್ಮ ಪಾಲು ಬಿಟ್ಟುಕೊಡುವ ಪತ್ರ) ಸ್ಟಾಂಪ್ 0.2 ಶೇಕಡ, ಕನಿಷ್ಠ 1,000 ರೂಪಾಯಿ. ನೋಂದಣಿ ಶುಲ್ಕ 1 ಶೇಕಡ. ತೀರ್ಪು ಬಂದ ಮರುದಿನ ಅದೇ ಇಬ್ಬರು ಕಾನೂನಿನ ಕಣ್ಣಿಗೆ ಹೊರಗಿನವರು, ಆಗ ಕ್ರಯದ ಹಾಗೆ 8 ಮತ್ತು 2 ಶೇಕಡ. ನೀವು ಹೇಳಿದ ಮನೆಯಲ್ಲಿ ಗಂಡನ ಅರ್ಧ 24 ಲಕ್ಷ ಎಂದಿಟ್ಟುಕೊಳ್ಳಿ. ಮದುವೆ ಊರ್ಜಿತ ಇರುವಾಗ ಮಾಡಿದರೆ 4,800 ಮತ್ತು 24,000, ಒಟ್ಟು 28,800. ತೀರ್ಪಿನ ನಂತರ 1,92,000 ಮತ್ತು 48,000, ಒಟ್ಟು 2,40,000. ಸಾಲ ಇದೆ ಎಂದು ಬೆಲೆ ಇಳಿಸಿ ಬರೆಯಲಿಕ್ಕೆ ಆಗುವುದಿಲ್ಲ. ಸರಕಾರದ ಫೇರ್ ವ್ಯಾಲ್ಯೂ ಮತ್ತು ಆಧಾರದಲ್ಲಿ ಬರೆದ ಮೊತ್ತ, ಇವೆರಡರಲ್ಲಿ ಯಾವುದು ಹೆಚ್ಚೋ ಅದನ್ನೇ ಹಿಡಿಯುತ್ತಾರೆ.

ಇನ್ನು ಅರ್ಧದ ಮಾತು. ನಮ್ಮಲ್ಲಿ ಮದುವೆಯಿಂದ ಆಸ್ತಿ ಜಂಟಿಯಾಗುವುದಿಲ್ಲ, ವಿಚ್ಛೇದನದಿಂದ ಇಬ್ಭಾಗವೂ ಆಗುವುದಿಲ್ಲ. ಆಧಾರದಲ್ಲಿ ಯಾರ ಹೆಸರು, ಹಣ ಯಾರದು ಎಂಬುದೇ ನಡೆಯುವುದು. ಇಬ್ಬರ ಹೆಸರಿದ್ದು ಪಾಲು ಬರೆಯದಿದ್ದರೆ ಆಸ್ತಿ ವರ್ಗಾವಣೆ ಕಾಯ್ದೆಯ 45ನೇ ಸೆಕ್ಷನ್ ಪ್ರಕಾರ ಹಣ ಹಾಕಿದ ಪ್ರಮಾಣದಲ್ಲಿ ಪಾಲು. ಪ್ರಮಾಣ ತೋರಿಸಲಾಗದಿದ್ದರೆ ಸಮಪಾಲು. ಕಂತೆಲ್ಲ ತನ್ನ ಖಾತೆಯಿಂದ ಹೋಗಿದೆ ಎಂದು ಗಂಡ ಹೆಚ್ಚು ಪಾಲು ಕೇಳುವ ದಾರಿ ಇರುವುದು ಇಲ್ಲೇ. ಹಾಗಾಗಿ 2014ರ ಕ್ರಯದ ಹಣ ಎಲ್ಲಿಂದ ಬಂತು, ಮನೆ ಕಟ್ಟುವಾಗ ಹೆಂಡತಿಯ ಕಡೆಯಿಂದ ಏನು ಬಂತು ಎಂಬುದಕ್ಕೆ ಬ್ಯಾಂಕ್ ಸ್ಟೇಟ್‌ಮೆಂಟ್ ಈಗಲೇ ತೆಗೆಸಿಡಿ. ಹಳೆಯದನ್ನು ಶಾಖೆಯಿಂದ ಹುಡುಕಿಸಿ ತೆಗೆಯಲು ವಾರಗಳು ಬೇಕಾಗುತ್ತವೆ.

ಒಪ್ಪಿಗೆ ಮುರಿದು ಕೇಸಿಗೆ ಹೋಗಬೇಕಾದರೆ ಮುನ್ಸಿಫ್ ಕೋರ್ಟಿಗಲ್ಲ. ಗಂಡ ಹೆಂಡತಿಯ ನಡುವಿನ ಆಸ್ತಿ ವ್ಯಾಜ್ಯ 1984ರ ಕಾಯ್ದೆಯಂತೆ ಕುಟುಂಬ ನ್ಯಾಯಾಲಯಕ್ಕೆ ಸೇರಿದ್ದು. ತಪ್ಪು ಕೋರ್ಟಿನಲ್ಲಿ ಹಾಕಿ ಕಾಗದ ಹಿಂದೆ ಬರುವಷ್ಟರಲ್ಲಿ ಕಾಲ ಹೋಗಿರುತ್ತದೆ. ಮೊದಲು ಇಲ್ಲಿ ಹೆಸರಿಗಷ್ಟೇ ಇದ್ದ ಕೋರ್ಟ್ ಶುಲ್ಕ 2024ರಿಂದ ಕೇಳುವ ಮೊತ್ತಕ್ಕೆ ತಕ್ಕಂತೆ ಏರುತ್ತದೆ. ಹೆಂಗಸರಿಗೆ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ವಕೀಲರ ನೆರವು ಉಚಿತ, ವರಮಾನದ ಮಿತಿ ನೋಡುವುದಿಲ್ಲ. ಇದನ್ನು ಯಾರೂ ಹೇಳುವುದಿಲ್ಲ, ದಯವಿಟ್ಟು ಅವರಿಗೆ ಹೇಳಿ.

ಉತ್ತರ: ಮಧುವಾಹಿನಿ ತೀರ

ಚಿನ್ನದ ವಿಷಯ ನಾನು ಬರೆಯುತ್ತೇನೆ. ಎಲ್ಲರೂ ಮನೆಯನ್ನೇ ನೋಡುತ್ತಾರೆ, 15 ಪವನು ಎಂದರೆ 120 ಗ್ರಾಂ, ಅದು ಸಣ್ಣದಲ್ಲ.

ಮದುವೆಗೆ ಹುಡುಗಿಗೆ ಹಾಕಿದ ಚಿನ್ನ ಸ್ತ್ರೀಧನ, ಪೂರ್ತಿ ಅವಳದೇ. ಗಂಡ ಕಷ್ಟಕಾಲಕ್ಕೆ ಬಳಸಬಹುದು, ಹಿಂದೆ ಕೊಡುವ ಹೊಣೆ ತಪ್ಪುವುದಿಲ್ಲ. 2024ರ ಏಪ್ರಿಲ್‌ನಲ್ಲಿ ಸುಪ್ರೀಂ ಕೋರ್ಟ್ ಕೇರಳದ್ದೇ ಒಂದು ಪ್ರಕರಣದಲ್ಲಿ, 89 ಪವನು ಕಳೆದುಕೊಂಡ ಹೆಂಡತಿಗೆ 25 ಲಕ್ಷ ಕೊಡಿಸಿತು. ಕ್ರಿಮಿನಲ್ ಕೇಸಿನ ಹಾಗೆ ಸಂಶಯಕ್ಕೆ ಎಡೆಯಿಲ್ಲದ ಸಾಕ್ಷ್ಯ ಇಲ್ಲಿ ಬೇಡ, ಯಾವುದು ಹೆಚ್ಚು ಸಂಭವ ಎಂದು ತೂಗಿ ನೋಡಿದರೆ ಸಾಕು ಎಂಬುದೇ ಅದರ ತಿರುಳು.

ಹಾಗೆಂದು ಕೈ ಬೀಸಿಕೊಂಡು ಹೋಗಬೇಡಿ. ಬೇಕಾದ್ದು: ಅಂಗಡಿಯ ಬಿಲ್ಲು, ಅದಿಲ್ಲದಿದ್ದರೆ ಮದುವೆ ಸಮಯದಲ್ಲಿ ತಂದೆಯ ಖಾತೆಯಿಂದ ಹಣ ತೆಗೆದ ದಾಖಲೆ, ಮದುವೆಯ ಆಲ್ಬಮ್ ಮತ್ತು ವಿಡಿಯೊ, ಲಾಕರ್ ತೆರೆದ ದಿನಾಂಕಗಳ ರಿಜಿಸ್ಟರ್ ಪ್ರತಿ. ಎಲ್ಲಕ್ಕಿಂತ ಗಟ್ಟಿ ಸಾಕ್ಷಿ ಅಡವಿನ ಕಾರ್ಡೇ. ಅದರಲ್ಲಿ ಒಂದೊಂದು ಒಡವೆಯ ಹೆಸರು, ಒಟ್ಟು ತೂಕ, ಕಲ್ಲು ಮೇಣ ಕಳೆದ ತೂಕ ಎಲ್ಲ ಬೇರೆ ಬೇರೆ ಬರೆದಿರುತ್ತದೆ. ಕರಿಮಣಿ ಸರ, ಕಾಸಿನ ಮಾಲೆ, ಜೋಡಿ ಬಳೆ ಎಂದು ಹೆಸರು ಹಿಡಿದು ಆಲ್ಬಮ್ಮಿನ ಫೋಟೊಗೆ ತಾಳೆ ಹಾಕಿದರೆ ‘ಅದು ನನ್ನ ಅಮ್ಮನದ್ದು’ ಎಂಬ ವಾದ ನಿಲ್ಲುವುದಿಲ್ಲ. ವಾಟ್ಸಾಪ್ ಮಾತುಕತೆ ಹಾಜರುಪಡಿಸುವುದಾದರೆ ಭಾರತೀಯ ಸಾಕ್ಷ್ಯ ಅಧಿನಿಯಮದ 63ನೇ ಸೆಕ್ಷನಿನ ಸರ್ಟಿಫಿಕೇಟ್ ಜೊತೆಗಿರಬೇಕು. ಬರೀ ಸ್ಕ್ರೀನ್‌ಶಾಟ್ ಪ್ರಿಂಟಿಗೆ ಆಕ್ಷೇಪ ಬಂದೇ ಬರುತ್ತದೆ.

ಒಪ್ಪಂದದಲ್ಲಿ ರೂಪಾಯಿ ಮೊತ್ತ ಮಾತ್ರ ಬರೆಯಬೇಡಿ. ‘120 ಗ್ರಾಂ ಚಿನ್ನ, ಇಲ್ಲವೇ ಕೊಡುವ ದಿನದ ಮಾರುಕಟ್ಟೆ ಬೆಲೆ’ ಎಂದು ಬರೆಯಿರಿ. ದರ ಏರುವ ಕಾಲದಲ್ಲಿ ಒಪ್ಪಿಗೆಯ ವಿಚ್ಛೇದನಕ್ಕೆ ಕೋರ್ಟಿನ ಮೊದಲ ಹಾಜರಿಗೂ ಎರಡನೆಯದಕ್ಕೂ ನಡುವಿನ ಆರು ತಿಂಗಳಲ್ಲೇ ಲೆಕ್ಕ ತುಂಬ ಬದಲಾಗುತ್ತದೆ. ಅಡವಿನ ಅವಧಿ ಯಾವತ್ತು ಮುಗಿಯುತ್ತದೆ ಎಂದೂ ಇವತ್ತೇ ನೋಡಿ. ಗಂಡ ಹೆಂಡತಿ ಮಾತಾಡದೆ ಕೂತ ಸಮಯದಲ್ಲೇ ಏಲಂ ನೋಟೀಸು ಬರುವುದು, ಅದು ಹೋಗುವುದೂ ದುಬೈಯಲ್ಲಿರುವವನ ಊರಿನ ವಿಳಾಸಕ್ಕೆ. ಬಡ್ಡಿ ಕಟ್ಟಿ ಅವಧಿ ಮುಂದುವರಿಸಿಯಾದರೂ ಉಳಿಸಿಕೊಳ್ಳಿ.

ವಾಯಿದೆಯನ್ನೂ ಗಮನಿಸಿ. ಮದುವೆ ಇರುವವರೆಗೆ ಚಿನ್ನ ಗಂಡನ ಕೈಯಲ್ಲಿ ನಂಬಿಕೆಯ ಸೊತ್ತು ಎಂದು ನಮ್ಮ ಕೇರಳ ಹೈಕೋರ್ಟ್ ಹೇಳಿದೆ, ವಿಚ್ಛೇದನವಾದ ದಿನದಿಂದ ಮೂರು ವರ್ಷದ ಗಡಿಯಾರ ಸುರುವಾಗುತ್ತದೆ.

ಉತ್ತರ: ಚಂದ್ರಗಿರಿ ಸೇತುವೆ

ಬ್ಯಾಂಕಿನ ಕಡೆಯ ಮಾತು. ಕೋರ್ಟ್ ತೀರ್ಪಿನಲ್ಲಿ ‘ಇನ್ನು ಮುಂದೆ ಸಾಲ ಹೆಂಡತಿಯೇ ಕಟ್ಟತಕ್ಕದ್ದು’ ಎಂದು ಬರೆದಿದ್ದರೂ ಬ್ಯಾಂಕಿಗೆ ಅದು ಅನ್ವಯಿಸುವುದಿಲ್ಲ. ಸಾಲಪತ್ರಕ್ಕೆ ಸಹಿ ಹಾಕಿದ ಇಬ್ಬರೂ ಪೂರ್ತಿ 11 ಲಕ್ಷಕ್ಕೆ ಹೊಣೆ. ಮೂರು ವರ್ಷದ ನಂತರ ಒಂದು ಕಂತು ತಪ್ಪಿದರೂ ದುಬೈಯಲ್ಲಿರುವವರ ಸಿಬಿಲ್ ಅಂಕ ಕೆಡುತ್ತದೆ. ಹಾಗಾಗಿ ಗಂಡನ ಕಡೆಯವರೂ ಈ ಭಾಗ ಗಮನವಿಟ್ಟು ಓದಬೇಕು.

ಮೊದಲು ಬಾಕಿ ಎಷ್ಟೆಂಬ ಲಿಖಿತ ಪತ್ರ ತೆಗೆಯಿರಿ, ಅಸಲು, ಬಡ್ಡಿ, ದಂಡಬಡ್ಡಿ ಬೇರೆ ಬೇರೆಯಾಗಿ. ನಂತರ ಹೆಂಡತಿಯ ಒಬ್ಬರ ಹೆಸರಿಗೆ ಸಾಲ ಬದಲಿಸಲು ಅರ್ಜಿ. ಇಲ್ಲಿ ಅವರ ಸ್ವಂತ ವರಮಾನ ನೋಡುತ್ತಾರೆ, ಕೆಲಸ ನಿಲ್ಲುವುದೂ ಇಲ್ಲೇ. ವರಮಾನ ಸಾಲದಿದ್ದರೆ ಮೂರು ದಾರಿ: ತವರಿನವರೊಬ್ಬರು ಸಹಸಾಲಗಾರರಾಗಿ ಬರುವುದು, ಒಂದಷ್ಟು ಅಸಲು ಕಟ್ಟಿ ಸಾಲ ಇಳಿಸುವುದು, ಇಲ್ಲವೇ ಬೇರೆ ಬ್ಯಾಂಕಿನಿಂದ ಹೊಸ ಸಾಲ ತೆಗೆದು ಇದನ್ನು ಚುಕ್ತಾ ಮಾಡುವುದು. ಗಂಡ ಜಾಮೀನುದಾರನಾಗಿ ಉಳಿಯಲಿ ಎಂಬ ಸಲಹೆ ಬರಬಹುದು. ಅದಕ್ಕೆ ಒಪ್ಪಿದರೆ ಹಳೆಯ ಗಂಟು ಹಾಗೆಯೇ ಉಳಿಯುತ್ತದೆ.

ಗಹಾನ್ ಇರುವ ಜಾಗೆಯನ್ನು ಬ್ಯಾಂಕಿನ ಲಿಖಿತ ಒಪ್ಪಿಗೆ ಇಲ್ಲದೆ ವರ್ಗಾಯಿಸಲು ಹೋಗಬೇಡಿ. ಕುಡಿಕ್ಕಡ ಸರ್ಟಿಫಿಕೇಟಿನಲ್ಲಿ (ಜಾಗೆಯ ಮೇಲಿನ ಋಣಭಾರ ತೋರಿಸುವ ಪತ್ರ) ಗಹಾನ್ ಕಾಣುತ್ತದೆ. ಸಾಲ ತೀರಿದ ಮೇಲೆ ಗಹಾನ್ ಬಿಡುಗಡೆಯೂ ರಿಜಿಸ್ಟ್ರಾರ್ ಆಫೀಸಿನಲ್ಲಿ ದಾಖಲಾಗಬೇಕು. ‘ಸಾಲ ಇಲ್ಲ’ ಎಂಬ ಪತ್ರ ಕೈಯಲ್ಲಿದ್ದರೆ ಸಾಲದು, ಹೊಸ ಕುಡಿಕ್ಕಡ ತೆಗೆದು ನೋಡಿ.

ಮೂಲ ಆಧಾರ ಹಿಂದೆ ಬರುವುದು ತಡವಾಗುವುದುಂಟು. ರಿಸರ್ವ್ ಬ್ಯಾಂಕಿನ ಅಡಿಯಲ್ಲಿರುವ ಬ್ಯಾಂಕುಗಳು 2023ರ ಡಿಸೆಂಬರ್ 1ರ ನಂತರ, ಸಾಲ ತೀರಿದ 30 ದಿನದೊಳಗೆ ಕಾಗದ ಮರಳಿಸದಿದ್ದರೆ ದಿನಕ್ಕೆ 5,000 ರೂಪಾಯಿ ಕೊಡಬೇಕು. ನಮ್ಮೂರಿನ ಸರ್ವಿಸ್ ಸಹಕಾರಿ ಬ್ಯಾಂಕುಗಳು ಪ್ರಾಥಮಿಕ ಸಂಘಗಳು, ಅವಕ್ಕೆ ಈ ನಿಯಮ ಇಲ್ಲ. ನಿಮ್ಮದು ಯಾವ ಬಗೆಯದು ಎಂದು ನೋಡಿಕೊಳ್ಳಿ.

ಜಂಟಿ ಉಳಿತಾಯ ಖಾತೆ ಇದ್ದರೆ, ಇಬ್ಬರ ಸಹಿ ಇಲ್ಲದೆ ಹಣ ತೆಗೆಯದ ಹಾಗೆ ಮಾಡಲು ಇವತ್ತೇ ಪತ್ರ ಕೊಡಿ.

ಉತ್ತರ: ಶಿರಿಯ ಕಡವು

‘ಆಧಾರ ಬರಹ’ ಅವರು ಸ್ಟಾಂಪ್ ಲೆಕ್ಕ ಸರಿಯಾಗಿಯೇ ಕೊಟ್ಟಿದ್ದಾರೆ. ಆದರೆ ಬರೀ ‘ತೀರ್ಪಿಗೆ ಮೊದಲು ಮಾಡಿ’ ಎಂದರೆ ಗಂಡನ ಕಡೆಗೆ ದೊಡ್ಡ ಅಪಾಯ ಇದೆ, ಅದನ್ನು ಹೇಳಲೇಬೇಕು. ಹಿಂದೂ ವಿವಾಹ ಕಾಯ್ದೆಯ 13ಬಿ (ಪರಸ್ಪರ ಒಪ್ಪಿಗೆಯ ವಿಚ್ಛೇದನ) ಅರ್ಜಿಯಲ್ಲಿ ತೀರ್ಪಿನ ಕ್ಷಣದವರೆಗೂ ಇಬ್ಬರ ಒಪ್ಪಿಗೆ ಇರಬೇಕು. 1991ರಲ್ಲೇ ಸುಪ್ರೀಂ ಕೋರ್ಟ್ ಇದನ್ನು ಹೇಳಿದೆ. ಮನೆ ಬರೆದುಕೊಟ್ಟ ಮೇಲೆ ಹೆಂಡತಿ ಎರಡನೇ ಹಾಜರಿಗೆ ಬಾರದಿದ್ದರೆ? ಹಾಗೆಯೇ ತೀರ್ಪು ಮೊದಲು ಆಗಿಬಿಟ್ಟು ಗಂಡ ಸಹಿಗೆ ಬಾರದಿದ್ದರೆ ಹೆಂಡತಿಯ ಗತಿ?

ಕ್ರಮ ಹೀಗಿರಲಿ. ಅರ್ಜಿಯ ಜೊತೆಗೇ ಆಸ್ತಿಯ ಒಪ್ಪಂದಪತ್ರ ಇರಬೇಕು, ಕೋರ್ಟಿನ ಮಧ್ಯಸ್ಥಿಕೆ ಕೇಂದ್ರದಲ್ಲಿ ಆಗಿ ಇಬ್ಬರೂ ವಕೀಲರೂ ಸಹಿ ಹಾಕಿದ್ದಾದರೆ ಇನ್ನೂ ಒಳ್ಳೆಯದು. ಒಳಿಮುರಿ ಆಧಾರ ಆಗುವುದು ಎರಡನೇ ಹಾಜರಿಯ ದಿನಾಂಕ ಸಿಕ್ಕಿದ ಮೇಲೆ, ಅದರ ಹಿಂದಿನ ವಾರದಲ್ಲಿ. ಆಧಾರದೊಳಗೆ ಓಪಿ ನಂಬರ್ (ಕೋರ್ಟಿನ ಅರ್ಜಿ ಸಂಖ್ಯೆ) ಮತ್ತು ಒಪ್ಪಂದದ ದಿನಾಂಕ ಬರಬೇಕು. ಹೆಂಡತಿ ಕೊಡಬೇಕಾದ ಹಣ ಡಿಡಿಯಾಗಿ ಕೋರ್ಟಿನಲ್ಲಿದ್ದು ತೀರ್ಪಿನ ದಿನ ಕೈಬದಲಾಗಲಿ. ಒಬ್ಬರು ಹಿಂದೆ ಸರಿದರೆ ಪಡೆದದ್ದನ್ನು ಎಷ್ಟು ದಿನದೊಳಗೆ ಮರಳಿಸಬೇಕು ಎಂಬ ಸಾಲೂ ಒಪ್ಪಂದದಲ್ಲಿರಲಿ. ಆರು ತಿಂಗಳ ಕಾಯುವಿಕೆಯನ್ನು ಬಿಟ್ಟುಕೊಡುವಂತೆ ಕೇಳಬಹುದು, 2017ರ ಸುಪ್ರೀಂ ಕೋರ್ಟ್ ತೀರ್ಪಿನ ನಂತರ ಕುಟುಂಬ ನ್ಯಾಯಾಲಯಕ್ಕೆ ಆ ಅಧಿಕಾರ ಇದೆ. ಆದರೆ ಆಸ್ತಿ, ಜೀವನಾಂಶ, ಮಗುವಿನ ವಿಷಯ ಎಲ್ಲ ತೀರ್ಮಾನವಾಗಿರಬೇಕು, ಬೇರೆ ಇದ್ದ ಒಟ್ಟು ಅವಧಿ ಒಂದೂವರೆ ವರ್ಷ ದಾಟಿರಬೇಕು.

ಆಧಾರವೇ ಬೇಡ, ರಾಜಿ ತೀರ್ಪಿನಲ್ಲೇ ಮನೆಯನ್ನು ಬರೆಸುತ್ತೇವೆ ಎನ್ನುವವರೂ ಇದ್ದಾರೆ. ನೋಂದಣಿ ಕಾಯ್ದೆಯ 17(2)(6) ನೋಡಿ: ಕೇಸಿನ ವಿಷಯವೇ ಅಲ್ಲದ ಸ್ಥಿರಾಸ್ತಿಯನ್ನು ರಾಜಿಯಲ್ಲಿ ಸೇರಿಸಿದರೆ ಆ ತೀರ್ಪನ್ನೂ ನೋಂದಾಯಿಸಬೇಕು. ಬರೀ ವಿಚ್ಛೇದನದ ಅರ್ಜಿಯಲ್ಲಿ ಮನೆಯ ಷೆಡ್ಯೂಲೇ (ಆಸ್ತಿಯ ವಿವರಪಟ್ಟಿ) ಇರುವುದಿಲ್ಲ. ತೀರ್ಪಿನ ಪ್ರತಿ ಹಿಡಿದು ವಿಲೇಜ್ ಆಫೀಸಿಗೆ ಹೋದಾಗಲೇ ಇದು ಗೊತ್ತಾಗುವುದು.

ಲೆಕ್ಕ ಒಮ್ಮೆ ಹಾಕುತ್ತೇನೆ. 48 ಲಕ್ಷದಲ್ಲಿ ಸಾಲ 11 ಲಕ್ಷ ಕಳೆದರೆ 37 ಲಕ್ಷ. ಸಮಪಾಲು ಎಂದರೆ ಗಂಡನದ್ದು 18.5 ಲಕ್ಷ. ಪವನಿಗೆ 1 ಲಕ್ಷ ಎಂದು ಲೆಕ್ಕಕ್ಕೆ ಹಿಡಿದರೆ ಚಿನ್ನದ ಬಾಬ್ತು ಅವರು ಕೊಡಬೇಕಾದ್ದು 15 ಲಕ್ಷ. ಹೆಂಡತಿ ಸಾಲ ತಲೆಗೆ ಹಾಕಿಕೊಂಡು 3.5 ಲಕ್ಷ ಕೊಟ್ಟರೆ ಮುಗಿಯಿತು. ಆಗ ಅಡವಿನ ಚಿನ್ನ ಗಂಡನಿಗೆ. ಇಲ್ಲ, ಅವರು ಚಿನ್ನವನ್ನೇ ಬಿಡಿಸಿ ಕೊಟ್ಟರೆ ಹೆಂಡತಿ 18.5 ಲಕ್ಷ ಹೊಂದಿಸಬೇಕು. ಎರಡರಲ್ಲಿ ಯಾವುದೆಂದು ಸ್ಪಷ್ಟ ಬರೆಯಿರಿ. ಚಿನ್ನವೂ ಬಂತು, ಮನೆಯೂ ಬಂತು ಎಂಬ ಅರ್ಥ ಬರುವ ಒಪ್ಪಂದಗಳು ಮತ್ತೆ ಕೋರ್ಟಿಗೇ ಬರುತ್ತವೆ. ಮಗುವಿನ ಖರ್ಚನ್ನು ಇದರಲ್ಲಿ ಬೆರೆಸಬೇಡಿ. ತಾಯಿ ತನ್ನ ಜೀವನಾಂಶ ಬಿಟ್ಟುಕೊಡಬಹುದು, ಮಗುವಿನದನ್ನು ಬಿಟ್ಟುಕೊಡುವ ಹಕ್ಕು ಅವರಿಗಿಲ್ಲ.

ತೋಟದ 2.8 ಲಕ್ಷ: ಜಾಗೆ ಮಾವನದ್ದಾದ್ದರಿಂದ ತೋಟದಲ್ಲಿ ಪಾಲು ಹುಟ್ಟುವುದಿಲ್ಲ, ಹಣ ಕೇಳಬಹುದು ಅಷ್ಟೇ. ಒಪ್ಪಂದಕ್ಕೆ ಮಾವ ಸಹಿ ಹಾಕದಿದ್ದರೆ ಅದು ಅವರಿಗೆ ಅನ್ವಯಿಸದು. ಅವರು ಸಹಿಗೆ ಬರಲಿ, ಅಥವಾ ಗಂಡನೇ ಆ ಹೊಣೆ ಹೊತ್ತು 3.5 ಲಕ್ಷದಲ್ಲಿ ಕಳೆಯಲಿ.

ಉತ್ತರ: ಉಪ್ಪಳ ಗೇಟು

ಇದೇ ಪುಟ ಓದುವ ಮುಸ್ಲಿಂ ಕುಟುಂಬದವರಿಗೆ: ನಿಮ್ಮಲ್ಲಿ 13ಬಿ ಇಲ್ಲ. ಮಹರ್, ಮದುವೆಯಲ್ಲಿ ಮತ್ತು ನಂತರ ಹೆಣ್ಣಿಗೆ ಸಿಕ್ಕಿದ ಎಲ್ಲ ಸೊತ್ತು, ಮುಂದಿನ ಬದುಕಿಗೆ ನ್ಯಾಯವಾದ ಏರ್ಪಾಡು, ಇವು ವಿಚ್ಛೇದಿತ ಮುಸ್ಲಿಂ ಮಹಿಳೆಯರ ಹಕ್ಕುಗಳ 1986ರ ಕಾಯ್ದೆಯ 3ನೇ ಸೆಕ್ಷನಿನಲ್ಲಿ ಬರುತ್ತವೆ. ಏರ್ಪಾಡು ಇದ್ದತ್ ಕಾಲದ (ವಿಚ್ಛೇದನದ ನಂತರ ಹೆಣ್ಣು ಕಾಯುವ ಅವಧಿ) ಖರ್ಚಿಗೆ ಮಾತ್ರ ಸೀಮಿತವಲ್ಲ ಎಂದು 2001ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಮುಬಾರಾತ್ (ಇಬ್ಬರೂ ಒಪ್ಪಿದ ವಿಚ್ಛೇದನ) ಪತ್ರದಲ್ಲೇ ಆಸ್ತಿಯ ವಿವರ ಬರೆದು, ನಂತರ ಕುಟುಂಬ ನ್ಯಾಯಾಲಯದಿಂದ ವಿಚ್ಛೇದನದ ಘೋಷಣೆ ತೆಗೆದುಕೊಳ್ಳಿ. ಜಂಟಿ ಮನೆ, ಸಾಲ, ಸ್ಟಾಂಪಿನ ಮಾತೆಲ್ಲ ಮೇಲೆ ಹೇಳಿದಂತೆಯೇ.

ಮರುಪ್ರಶ್ನೆ: ಹೊಳೆಬದಿ

ಎಲ್ಲರಿಗೂ ತುಂಬ ಧನ್ಯವಾದ. ಇನ್ನೆರಡು ವಿಷಯ. ಗಂಡನಿಗೆ ವರ್ಷಕ್ಕೊಂದೇ ರಜೆ. ಅವರ ಅಣ್ಣನಿಗೆ ಪವರ್ ಆಫ್ ಅಟಾರ್ನಿ ಕೊಟ್ಟರೆ ನಡೆಯುತ್ತದೋ? ಜಾಗೆಯ ಹಿಂದಿನ ಕಾಗದಗಳು ಕನ್ನಡದಲ್ಲಿವೆ, ಕೆಲವು 1956ಕ್ಕಿಂತ ಹಿಂದಿನವು. ತೊಂದರೆ ಉಂಟೋ?

ಉತ್ತರ: ಆಧಾರ ಬರಹ

ಆಧಾರಕ್ಕೆ ಪವರ್ ಆಫ್ ಅಟಾರ್ನಿ ನಡೆಯುತ್ತದೆ, ವಿಚ್ಛೇದನದ ಒಪ್ಪಿಗೆಯನ್ನು ಮಾತ್ರ ಕೋರ್ಟ್ ಅವರ ಬಾಯಿಂದಲೇ ಕೇಳಬೇಕು. ವಿಡಿಯೊ ಕಾನ್ಫರೆನ್ಸ್‌ಗೆ ವಕೀಲರ ಮೂಲಕ ಮೊದಲೇ ಅರ್ಜಿ ಹಾಕಿ. ಪವರ್ ಪತ್ರಕ್ಕೆ ಭಾರತೀಯ ಕಾನ್ಸುಲೇಟಿನಲ್ಲಿ ಸಹಿಯಾಗಿ ದೃಢೀಕರಣವಾಗಬೇಕು. ಅದು ಊರಿಗೆ ತಲುಪಿದ ದಿನದಿಂದ ಮೂರು ತಿಂಗಳೊಳಗೆ ಇಲ್ಲಿನ ಸ್ಟಾಂಪ್ ಹಾಕಿಸಬೇಕು. ಲಕೋಟೆ ಒಡೆದು ಕಪಾಟಿನಲ್ಲಿಟ್ಟು ಮರೆತರೆ ಮತ್ತೆ ಸುರುವಿನಿಂದ. ‘ಇಂಥ ಸರ್ವೆ ನಂಬರಿನ ಜಾಗೆಯ ಅರ್ಧ ಹಕ್ಕನ್ನು ಇಂಥವರಿಗೆ ಬಿಟ್ಟುಕೊಡಲು ಮಾತ್ರ’ ಎಂದು ಅಧಿಕಾರವನ್ನು ಸೀಮಿತಗೊಳಿಸಿ ಬರೆಯಿರಿ.

ಇನ್ನೊಂದು ದೊಡ್ಡ ವಿಷಯ. ಅವರು ಆದಾಯ ತೆರಿಗೆಯ ಲೆಕ್ಕದಲ್ಲಿ ಅನಿವಾಸಿಯಾದರೆ, ಹಣಕ್ಕೆ ಬದಲಾಗಿ ಹಕ್ಕು ಬಿಟ್ಟಾಗ ಬರುವ ಲಾಭಕ್ಕೆ ತೆರಿಗೆ ಇದೆ. ಹಣ ಕೊಡುವ ಹೆಂಡತಿಯೇ ಟಿಡಿಎಸ್ (ಮೂಲದಲ್ಲೇ ಕಳೆಯುವ ತೆರಿಗೆ) ಹಿಡಿದು ಕಟ್ಟಬೇಕು. ಇಲ್ಲಿನ ನಿವಾಸಿಗಳಿಂದ ಕೊಳ್ಳುವಾಗ ಇರುವ 50 ಲಕ್ಷದ ಮಿತಿ ಅನಿವಾಸಿಗೆ ಇಲ್ಲ. ಕಡಿಮೆ ಹಿಡಿಯಲು ಸರ್ಟಿಫಿಕೇಟ್ ಬೇಕಾದರೆ ಗಂಡ ಮೊದಲೇ ಅರ್ಜಿ ಹಾಕಬೇಕು. ಹಣ ಕೈಬದಲಾಗುವಾಗ ಆಧಾರದಲ್ಲಿ ‘ಪ್ರೀತಿಯಿಂದ ಕೊಟ್ಟದ್ದು’ ಎಂದು ಬರೆಸುವ ಸಲಹೆ ಯಾರಾದರೂ ಕೊಟ್ಟರೆ ಒಪ್ಪಬೇಡಿ. ಕೋರ್ಟಿನ ಒಪ್ಪಂದದಲ್ಲಿ ಒಂದು, ಆಧಾರದಲ್ಲಿ ಇನ್ನೊಂದು ಇದ್ದರೆ ಎರಡೂ ಕಡೆ ಉತ್ತರ ಕೊಡಬೇಕಾಗುತ್ತದೆ.

ಹಳೆಯ ಕನ್ನಡ ಕಾಗದ ದಕ್ಷಿಣ ಕನ್ನಡ ಜಿಲ್ಲೆಯ ಕಾಲದ್ದು, ಅದರಿಂದ ಹಕ್ಕಿಗೆ ಕೊರತೆ ಇಲ್ಲ. ಬ್ಯಾಂಕಿನ ವಕೀಲರು ಇಂಗ್ಲಿಷ್ ಅಥವಾ ಮಲಯಾಳಂ ಅನುವಾದ ಕೇಳುತ್ತಾರೆ, ಸಾಲದ ಅರ್ಜಿಯ ಜೊತೆಗೇ ಮಾಡಿಸಿಡಿ. ಒಪ್ಪಂದಪತ್ರ ಇಂಗ್ಲಿಷಿನಲ್ಲೋ ಮಲಯಾಳದಲ್ಲೋ ಇದ್ದರೆ ‘ಕನ್ನಡದಲ್ಲಿ ಓದಿ ಹೇಳಿ ತಿಳಿದುಕೊಂಡು ಸಹಿ ಹಾಕಿದ್ದು’ ಎಂಬ ಸಾಲು ಸೇರಿಸಿ. ಸಹಿ ಹಾಕುವವರು ನಿಜಕ್ಕೂ ಕೇಳಿಸಿಕೊಳ್ಳಲಿ.

ಉತ್ತರ: ಚಂದ್ರಗಿರಿ ಸೇತುವೆ

ಸರ್ವೆ ನಂಬರಿನ ಮಾತು ಬಂತಲ್ಲ, ಅದಕ್ಕೆ ಒಂದು ಸೇರಿಕೆ. ಡಿಜಿಟಲ್ ರೀಸರ್ವೆ ಮುಗಿದ ವಿಲೇಜಾದರೆ 2014ರ ಆಧಾರದ ನಂಬರೂ ಈಗಿನದೂ ಬೇರೆ. ಭೂದಾಖಲೆಗಳ ‘ಎಂಡೆ ಭೂಮಿ’ ಪೋರ್ಟಲ್ 2024ರ ಅಕ್ಟೋಬರಿನಲ್ಲಿ ಮೊದಲು ಬಂದದ್ದೇ ನಮ್ಮ ಮಂಜೇಶ್ವರ ತಾಲೂಕಿನ ಉಜಾರ್ ಉಳುವಾರಿನಲ್ಲಿ. ಆಧಾರದಲ್ಲಿ ಹಳೆಯ, ಹೊಸ ನಂಬರು ಎರಡೂ ಇರಲಿ, ವಿಸ್ತೀರ್ಣದಲ್ಲಿ ಒಂದೆರಡು ಸೆಂಟ್ಸ್ ವ್ಯತ್ಯಾಸ ಇದ್ದರೆ ಒಳಿಮುರಿಗೆ ಮೊದಲೇ ಸರಿಪಡಿಸಿ. ಬೇರೆಯಾದ ಮೇಲೆ ತಿದ್ದುಪಡಿ ಆಧಾರಕ್ಕೆ ಇಬ್ಬರನ್ನೂ ಮತ್ತೆ ಒಂದೇ ಮೇಜಿನ ಮುಂದೆ ತರುವುದು ಕಷ್ಟ.

ಆಧಾರ ಆದ ಮೇಲೆ ಪೋಕ್ಕುವರವು (ಕಂದಾಯ ದಾಖಲೆಯಲ್ಲಿ ಹೆಸರು ಬದಲಾವಣೆ) ಆಗಿ ಹೆಂಡತಿಯ ಒಬ್ಬರದೇ ತಂಡಪೇರ್ (ಭೂತೆರಿಗೆಯ ಖಾತೆ) ಬಂತೋ ನೋಡಿ, ಅದರಲ್ಲಿ ಭೂತೆರಿಗೆ ಕಟ್ಟಿ ರಶೀದಿ ಇಡಿ. ಪಂಚಾಯತಿನಲ್ಲಿ ಮನೆಯ ಮಾಲಕತ್ವ ಬದಲಾವಣೆಗೆ ಬೇರೆ ಅರ್ಜಿ, ಕೆಎಸ್‌ಇಬಿಯ ವಿದ್ಯುತ್ ಸಂಪರ್ಕಕ್ಕೆ ಬೇರೆ, ರೇಷನ್ ಕಾರ್ಡಿಗೂ ಬೇರೆ. ಪಿಎಫ್, ಎಲ್‌ಐಸಿ, ಬ್ಯಾಂಕ್ ಠೇವಣಿಯ ನಾಮಿನಿ ಡೈವೋರ್ಸಿನಿಂದ ತಾನಾಗಿ ಬದಲಾಗುವುದಿಲ್ಲ, ಬರೆದಿಟ್ಟ ಉಯಿಲೂ ರದ್ದಾಗುವುದಿಲ್ಲ. ಇಬ್ಬರೂ ತಮ್ಮ ತಮ್ಮದನ್ನು ಹೊಸದಾಗಿ ಬರೆಯಬೇಕು. ಮಂಗಳೂರಿನಲ್ಲಿ ಫ್ಲಾಟ್ ಗೀಟ್ ಇದ್ದರೆ ಅದರ ಪತ್ರ ಅಲ್ಲಿಯೇ, ಕರ್ನಾಟಕದ ಸ್ಟಾಂಪ್ ದರದಲ್ಲಿ. ಇಲ್ಲಿನ ಆಧಾರದೊಳಗೆ ಅದನ್ನು ಸೇರಿಸಬೇಡಿ.